ಆಮೆಗೆ ಕೌದಿ ಹೊಲಿಯಲು ಕಲಿಸಿದ್ದು

ಪಾಸಾದಳು! ನನ್ನ ಮೊಮ್ಮಗಳು ಸವಿತಾ ಕಂಪ್ಯೂಟರ್ ಪ್ರೋಗ್ರಾಮಿಂಗಿನ ಪರೀಕ್ಷೆಯಲ್ಲಿ ಪಾಸಾದಳು. ಯಾರು, ಏನು, ಹೇಗೆ ಎಂಬುದನ್ನೆಲ್ಲ ಆಮೇಲೆ ನಿಧಾನವಾಗಿ ಹೇಳುತ್ತೇನೆ. ಮೊದಲು ಈ ಮಾತು ಹೊರಗೆ ಬಂದುಬಿಡಲಿ, ಇಲ್ಲದಿದ್ದರೆ ಕುದಿಯುವ ಹಾಲಿನ ಹಾಗೆ ಒಲೆಯ ಮೇಲೆಲ್ಲ ಉಕ್ಕಿಬಿಡುತ್ತದೆ. ಬೆಳಿಗ್ಗೆ ಫಲಿತಾಂಶ ಬಂದಾಗಿನಿಂದ ಹಾಲು ಹಾಕುವವನಿಗೆ ಹೇಳಿದೆ, ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರಿಗೆ ಒಬ್ಬೊಬ್ಬರಿಗೇ ಬಿಡಿಸಿ ಹೇಳಿದೆ, ರೈಲು ಹಳಿಯ ಪಕ್ಕದಲ್ಲಿ ಆಡು ಮೇಯಿಸುತ್ತಿದ್ದ ಮುದುಕನಿಗೆ ಕಿವಿ ಮಂದವೆಂದು ಎರಡೆರಡು ಸಲ ಕೂಗಿ ಹೇಳಿದೆ. ಯಾರದೋ ಮನೆ ಹುಡುಕುತ್ತ ಬಂದ ಅಪರಿಚಿತನೊಬ್ಬ ನಮ್ಮ ಬಾಗಿಲಲ್ಲಿ ವಿಳಾಸ ಕೇಳಲು ನಿಂತ. ಅವನ ಅಂಗೈಗೆ ಒಂದು ಬೆಲ್ಲದ ಚೂರು ಇಟ್ಟು ಅವನಿಗೂ ಹೇಳಿದೆ. "ಭಾಳ ಚಲೋ ಆತು ಬಿಡ್ರಿ ಯಮ್ಮಾ" ಎಂದು ಬೆಲ್ಲ ಬಾಯಿಗೆ ಹಾಕಿಕೊಂಡು ಹೊರಟುಹೋದ. ವಿಳಾಸ ಕೇಳುವುದನ್ನು ಅವನು ಮರೆತ, ಹೇಳುವುದನ್ನು ನಾನು ಮರೆತೆ. ಇನ್ನು ಉಳಿದವರು ನೀವು.

ನೂರಕ್ಕೆ ಅರವತ್ತೊಂದು. ಇದೇನು ದೊಡ್ಡ ಅಂಕವೇ ಎಂದು ಮೂಗು ಮುರಿಯುವವರು ಮುರಿದುಕೊಳ್ಳಲಿ. ಮೊದಲ ಸಲ ಬಂದದ್ದು ಹದಿನಾಲ್ಕು ಎಂಬುದನ್ನು ಅವರಿಗೆ ಹೇಳುವುದಿಲ್ಲ, ನಿಮಗೆ ಮಾತ್ರ ಹೇಳುತ್ತೇನೆ. ಹದಿನಾಲ್ಕರಿಂದ ಅರವತ್ತೊಂದರವರೆಗಿನ ಆ ದಾರಿಯಲ್ಲಿ ನಾನೂ ಅವಳ ಜೊತೆ ನಡೆದಿದ್ದೇನೆ. ಮೊಣಕಾಲು ನೋವಿನ ಮುದುಕಿ, ನಿಡೋಣಿಯ ಶಾಲೆಯಲ್ಲಿ ಮೂರನೆಯ ಇಯತ್ತೆಗೇ ಪಾಟಿ ಕೆಳಗಿಟ್ಟವಳು, ಕೈಯಲ್ಲಿ ಸೂಜಿದಾರ ಹಿಡಿದುಕೊಂಡೇ ನಡೆದಿದ್ದೇನೆ.

ಶಾಲೆ ಬಿಟ್ಟರೂ ಅಕ್ಷರ ನನ್ನನ್ನು ಬಿಡಲಿಲ್ಲ. ಚುರುಮುರಿ ಕಟ್ಟಿಕೊಟ್ಟ ಕಾಗದವನ್ನು ಬಿಡಿಸಿ ಓದುವುದು, ಬಸ್ಸಿನ ಹಣೆಯ ಮೇಲಿನ ಊರಿನ ಹೆಸರುಗಳನ್ನು ಬಾಯಿಬಿಟ್ಟು ಓದುವುದು, ಅರ್ಧಕ್ಕೆ ಹರಿದ ಪತ್ರಿಕೆಯ ಕಥೆಗೆ ಉಳಿದರ್ಧವನ್ನು ನಾನೇ ಕಟ್ಟಿಕೊಳ್ಳುವುದು, ಇವೆಲ್ಲ ನನಗೆ ಎಲೆ ಅಡಿಕೆಯ ಹಾಗೆ ಚಟವಾಗಿ ಉಳಿದವು. ಆದರೆ ಹೊಟ್ಟೆಗೆ ಅನ್ನ ಕೊಟ್ಟದ್ದು ಅಕ್ಷರವಲ್ಲ, ಕೌದಿ. ಮದುವೆಯಾಗಿ ವಿಜಯಪುರದ ಇಬ್ರಾಹಿಂಪುರಕ್ಕೆ ಬಂದಾಗಿನಿಂದ ಹಳೆಯ ಸೀರೆ, ಹಳೆಯ ಧೋತರ, ಮೈಗೆ ಸಣ್ಣದಾದ ಲಂಗ, ಹೀಗೆ ಜನರ ಮೈಮೇಲಿನ ಆಯುಷ್ಯ ಮುಗಿದ ಬಟ್ಟೆಗಳನ್ನೆಲ್ಲ ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿನವರೆಗೆ ಸಾಲು ಸಾಲಾಗಿ ಹೊಲಿದು ಹೊದಿಕೆ ಮಾಡಿಕೊಡುತ್ತ ಬಂದಿದ್ದೇನೆ. ನಮ್ಮ ಪಡಸಾಲೆಯಲ್ಲಿ ಕೂತರೆ ರೈಲು ಹೋಗುವಾಗ ನೆಲ ಸಣ್ಣಗೆ ನಡುಗುತ್ತದೆ. ಆಗ ಸೂಜಿಯನ್ನು ಎತ್ತಿ ಹಿಡಿದು, ಕೊನೆಯ ಡಬ್ಬಿ ದಾಟಿದ ಮೇಲೆ ಮತ್ತೆ ಚುಚ್ಚುವುದು ನನ್ನ ರೂಢಿ.

ಇನ್ನು ಸವಿತಾಳ ವಿಷಯ. ಹತ್ತನೆಯ ತರಗತಿಯವರೆಗೂ ಅವಳು ಓದಿದ್ದು ಕನ್ನಡದಲ್ಲಿ. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಅದನ್ನು ನೋಡಿಯೇ ನನ್ನ ಮಗ ಶಿವು ಅವಳನ್ನು ಕಂಪ್ಯೂಟರ್ ಡಿಪ್ಲೊಮಾಕ್ಕೆ ಸೇರಿಸಿದ, ಹಳೆಯದೊಂದು ಲ್ಯಾಪ್‌ಟಾಪನ್ನೂ ತಂದುಕೊಟ್ಟ. ವೈರು ಚುಚ್ಚಿದ್ದರೆ ಮಾತ್ರ ಜೀವ, ಕಿತ್ತರೆ ಅಲ್ಲೇ ಪ್ರಾಣ ಬಿಡುವ ಯಂತ್ರ ಅದು. ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಉಳಿದ ವಿಷಯಗಳನ್ನು ಹೇಗೋ ಉರು ಹೊಡೆದಳು. ಪ್ರೋಗ್ರಾಮಿಂಗ್ ಎಂಬುದು ಮಾತ್ರ ಉರು ಹೊಡೆದವರಿಗೆ ಒಲಿಯುವ ದೇವರಲ್ಲವಂತೆ. ಹದಿನಾಲ್ಕು ಅಂಕ ಬಂದ ದಿನ ಅವಳ ಮಾತು ನಿಂತಿತು. ಒಂದು ವಾರ ಕಾಲೇಜಿಗೆ ಹೋಗಲಿಲ್ಲ. ಆಮೇಲೊಂದು ಸಂಜೆ ಅಪ್ಪನ ಮುಂದೆ ಒಂದು ಕಾಗದ ಹಿಡಿದು ನಿಂತಳು.

"ಯಪ್ಪಾ, ಕಾಲೇಜ ಬಿಡಾಕ ಅರ್ಜಿ ಬರದೇನಿ. ನೀ ಒಂದ ಸಹಿ ಹಾಕು."

"ಬಿಟ್ಟು ಏನ್ ಮಾಡ್ತೀ?"

"ಅವ್ವನ ಜೋಡಿ ತಿಕೋಟಾಕ್ಕ ಹೋಗ್ತೇನಿ. ಮಣೂಕ ಆರಸ್ತೇನಿ."

ಮಣೂಕವೆಂದರೆ ಒಣದ್ರಾಕ್ಷಿ. ತಿಕೋಟಾದ ಕಡೆ ದ್ರಾಕ್ಷಿ ಒಣಗಿಸುವ ಶೆಡ್ಡುಗಳು ಬಹಳ. ಅಂಥದೊಂದರಲ್ಲಿ ಶಿವು ಯಂತ್ರಗಳನ್ನು ನೋಡಿಕೊಳ್ಳುತ್ತಾನೆ, ಸೊಸೆ ಕಸ್ತೂರಿ ಉಳಿದ ಹೆಂಗಸರ ಜೊತೆ ಕೂತು ಕಾಯಿ, ಕಡ್ಡಿ, ಕಪ್ಪಾದದ್ದನ್ನು ಆರಿಸುತ್ತಾಳೆ. ಮರ್ಯಾದೆಯ ಕೆಲಸವೇ, ಅದರ ಮೇಲೆಯೇ ಈ ಮನೆ ನಿಂತಿದೆ. ಆದರೆ ಇಷ್ಟಪಟ್ಟು ಹೋಗುವುದು ಬೇರೆ, ಸೋತು ಹೋಗುವುದು ಬೇರೆ, ಅಲ್ಲವೇ? ಶಿವು ಸಹಿ ಹಾಕಲಿಲ್ಲ, ಹಾಕುವುದಿಲ್ಲವೆಂದೂ ಹೇಳಲಿಲ್ಲ. ಹೊರಗೆ ಕಟ್ಟೆಯ ಮೇಲೆ ಬಂದು ನನ್ನ ಪಕ್ಕ ಕೂತ.

"ಆಕಿ ಮಾರಿ ನೋಡಾಕ ಆಗವಲ್ದು ಬೇ ಯವ್ವಾ. ಜಬರದಸ್ತಿ ಮಾಡಿ ಕಳಸಿದ್ರ ಇದ್ದ ಹುಡುಗೀನೂ ಕಳಕೊಂಡೇವು."

ಕಸ್ತೂರಿ ಏನೂ ಹೇಳಲಿಲ್ಲ. ಅವಳು ಹಾಗೆಯೇ, ಅವಳ ಮನಸ್ಸಿನಲ್ಲಿ ಏನಿದೆಯೆಂದು ಪಾತ್ರೆ ಇಡುವ ಸಪ್ಪಳದಿಂದ ತಿಳಿದುಕೊಳ್ಳಬೇಕು. ಅಂದು ಪಾತ್ರೆಗಳೂ ಸಪ್ಪಳ ಮಾಡಲಿಲ್ಲ.

ಆ ಹೊತ್ತಿಗೆ ನಾನೊಂದು ಹೊಸ ಕೌದಿ ಹಿಡಿದಿದ್ದೆ. ಜೋರಾಪುರ ಪೇಟೆಯ ಗೌರಕ್ಕನ ಮಗಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹೊಸ ಕೌದಿ ಬೇಕೆಂದು ಗೌರಕ್ಕ ಒಂದು ಗಂಟು ಹಳೆಯ ಸೀರೆ ಕಳಿಸಿದ್ದಳು. ನನ್ನ ಬಟ್ಟೆಗಳ ಗುಡ್ಡೆಯಿಂದ ಒಳ್ಳೆಯ ತುಂಡು ಹುಡುಕುತ್ತಿದ್ದಾಗ ಬುಡದಲ್ಲಿ ಏನೋ ಗಟ್ಟಿಯಾಗಿ ಕೈಗೆ ತಗುಲಿತು. ಎಳೆದು ನೋಡಿದರೆ ಪುಸ್ತಕ. ಮೇಲೆ ಆಮೆಯ ಚಿತ್ರ. ಕನ್ನಡದಲ್ಲಿ, ಹೊಸದಾಗಿ ಪ್ರೋಗ್ರಾಮಿಂಗ್ ಕಲಿಯುವವರಿಗೆ ಬರೆದದ್ದು. ಬಸ್ ನಿಲ್ದಾಣದ ಹತ್ತಿರದ ಹಳೆಯ ಪುಸ್ತಕದಂಗಡಿಯಲ್ಲಿ ಸವಿತಾಳೇ ಕೊಂಡು ತಂದಿದ್ದಳಂತೆ. ಗೆಳತಿಯರು ನೋಡಿದರೆ, ಇನ್ನೂ ಕನ್ನಡ ಪುಸ್ತಕವೇ ಎಂದು ನಗುತ್ತಾರೆಂದು ನನ್ನ ಬಟ್ಟೆಯ ಗುಡ್ಡೆಯಲ್ಲಿ ಹೂತಿಟ್ಟಿದ್ದಳು. ನೋಡಿ, ಮಕ್ಕಳು ಮುಚ್ಚಿಡುವುದು ತಪ್ಪುಗಳನ್ನಷ್ಟೇ ಎಂದುಕೊಂಡಿರುತ್ತೇವೆ. ತಮಗೆ ಆಸರೆಯಾಗಬಹುದಾದದ್ದನ್ನೂ ನಾಚಿಕೆಗೆ ಮುಚ್ಚಿಡುತ್ತಾರೆ.

ಅವಳ ಕೈಯಿಂದ ಅರ್ಜಿ ತೆಗೆದುಕೊಂಡು ನನ್ನ ಎಲೆ ಅಡಿಕೆಯ ಸಂಚಿಯೊಳಗೆ ಮಡಚಿಟ್ಟೆ.

"ಸವೀ, ಇದು ನನ್ನ ಹಂತೇಲಿ ಇರಲಿ. ಈ ಕೌದಿ ಮುಗಿಯೂತನಕ ದಿನಾ ಮಧ್ಯಾನ ಈ ಪುಸ್ತಕ ನನಗ ಓದಿ ತಿಳಸು. ಕೌದಿ ಮುಗದ ದಿನ ನಿನಗ ತಿಳದಿರಲಿಲ್ಲಂದ್ರ ನಾನ ನಿಮ್ಮಪ್ಪನ ಸಹಿ ಹಾಕಿಸಿ ಕೊಡ್ತೇನಿ. ನನ್ನ ಮಾತು."

"ನಿನಗ್ಯಾಕ ಬೇಕ ಆಯೀ ಪ್ರೋಗ್ರಾಮಿಂಗು?"

"ಹೊಸದಾಗಿ ಕಲಿಯೋರಿಗೆ ಅಂತ ಬರದೈತಲ್ಲ. ನನಗಿಂತ ಹೊಸಬರು ಈ ಓಣ್ಯಾಗ ಯಾರದಾರ?"

ಹದಿನೈದು ದಿನಗಳಲ್ಲಿ ಮೊದಲ ಸಲ ಅವಳ ತುಟಿಯ ಮೂಲೆ ಸ್ವಲ್ಪ ಮೇಲಕ್ಕೆ ಹೋಯಿತು. ಅಷ್ಟು ಸಾಕಾಗಿತ್ತು ನನಗೆ.

ಹೀಗೆ ಶುರುವಾಯಿತು ನಮ್ಮ ಕಲಿಕೆ. ಮಗ ಸೊಸೆ ತಿಕೋಟಾದ ಬಸ್ಸು ಹತ್ತಿದ ಮೇಲೆ, ಮಧ್ಯಾಹ್ನದ ಊಟ ಮುಗಿಸಿ, ಪಡಸಾಲೆಯಲ್ಲಿ ಕೌದಿಯ ಒಂದು ಅಂಚಿಗೆ ನಾನು, ಇನ್ನೊಂದು ಅಂಚಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವಳು. ಅವಳು ಓದಬೇಕು, ನಾನು ಕೇಳಬೇಕು, ತಿಳಿಯದಿದ್ದರೆ ತಿಳಿಯುವವರೆಗೂ ಬಿಡಬಾರದು. ತಿಳಿಯದಿರುವುದರಲ್ಲಿ ನನ್ನನ್ನು ಮೀರಿಸುವವರಿಲ್ಲವಾದ್ದರಿಂದ ಅವಳಿಗೆ ಒಂದೊಂದು ಪುಟವನ್ನೂ ನಾಲ್ಕು ನಾಲ್ಕು ಥರ ಹೇಳಬೇಕಾಗುತ್ತಿತ್ತು. ಎರಡನೆಯ ಥರದಲ್ಲಿ ಅವಳಿಗೆ ತಿಳಿಯುತ್ತಿತ್ತು, ನಾಲ್ಕನೆಯದರಲ್ಲಿ ನನಗೆ.

ವೇರಿಯೇಬಲ್ ಎಂದು ಒಂದಿದೆಯಂತೆ. ಹೆಸರಿಟ್ಟ ಜಾಗ, ಅದರಲ್ಲಿ ಇವತ್ತು ಒಂದು ಇರುತ್ತದೆ, ನಾಳೆ ಇನ್ನೊಂದು. ನನಗೆ ತಟ್ಟನೆ ಹೊಳೆದದ್ದು ನನ್ನ ಸಂಚಿ. ಅದರ ಒಂದು ಖಾನೆಗೆ ಎಲೆಯ ಖಾನೆ ಎಂದೇ ಹೆಸರು. ಅದರಲ್ಲಿ ಐದು ಎಲೆ ಇದ್ದರೂ ಅದೇ ಹೆಸರು, ಒಂದೇ ಉಳಿದರೂ ಅದೇ ಹೆಸರು. ಅಡಿಕೆಗೆ ಒಂದು ಖಾನೆ, ಸುಣ್ಣದ ಡಬ್ಬಿಗೆ ಒಂದು. ಸುಣ್ಣದ ಖಾನೆಗೆ ಕೈ ಹಾಕಿ ಅಡಿಕೆ ಎಂದು ಬಾಯಿಗೆ ಹಾಕಿಕೊಂಡರೆ ಏನಾಗುತ್ತದೆಂದು ನನ್ನ ನಾಲಿಗೆಗೆ ಗೊತ್ತು. ಇದನ್ನು ಹೇಳಿದಾಗ ಸವಿತಾ ಕಣ್ಣರಳಿಸಿ, "ಅಷ್ಟ ಐತಿ ಆಯೀ, ಅದ ಐತಿ!" ಎಂದು ನನ್ನ ಸಂಚಿಯನ್ನೇ ಬಿಚ್ಚಿಟ್ಟುಕೊಂಡು ಅದರ ಖಾನೆಗಳಿಗೆಲ್ಲ ಕಂಪ್ಯೂಟರಿನಲ್ಲಿ ಹೆಸರು ಕೊಟ್ಟಳು.

ಆ ಪುಸ್ತಕ ಬರೆದವರು ಯಾರೋ, ಅವರ ಮುಖ ನಾನು ಕಂಡಿಲ್ಲ. ಆದರೆ ಒಂದು ಮಾತು ನಿಜ: ತಮಗೆ ಏನೂ ಗೊತ್ತಿಲ್ಲದ ಕಾಲ ಹೇಗಿತ್ತೆಂಬುದನ್ನು ಅವರು ಮರೆತಿರಲಿಲ್ಲ. ಇದು ಸಾಮಾನ್ಯ ಸಂಗತಿಯಲ್ಲ. ಹೊಳೆ ದಾಟಿದ ಮೇಲೆ ನೀರು ಎಷ್ಟು ಆಳವಿತ್ತೆಂದು ಆಚೆ ದಡದಲ್ಲಿ ನಿಂತವನು ಹೇಳುವುದಿಲ್ಲ, ಸುಮ್ಮನೆ ಬಾ ಬಾ ಎನ್ನುತ್ತಾನೆ. ಇವರು ಮಾತ್ರ ತಿರುಗಿ ನೀರಿಗಿಳಿದು ಬಂದು, ಇಲ್ಲಿ ಕಲ್ಲಿದೆ ನೋಡು, ಇಲ್ಲಿ ಕಾಲು ಜಾರುತ್ತದೆ ನೋಡು ಎಂದು ಕೈ ಹಿಡಿದುಕೊಂಡ ಹಾಗಿತ್ತು. ಓದಿದವರು ಬರೆದ ಪುಸ್ತಕಗಳನ್ನು ಓದಿದವರೇ ಓದಲಿ. ನನ್ನಂಥವರಿಗೆ ಓದು ಬಾರದ ದಿನಗಳನ್ನು ನೆನಪಿಟ್ಟವರು ಬೇಕು.

ಕಂಪ್ಯೂಟರಿನ ಸ್ವಭಾವ ಮಾತ್ರ ನನಗೆ ಹಿಡಿಸಲು ಬಹಳ ದಿನ ಬೇಕಾಯಿತು. ಅದಕ್ಕೆ ಅರ್ಧ ಮಾತು ತಿಳಿಯುವುದಿಲ್ಲ. ನಾನು ಒಲೆಯ ಮುಂದೆ ಕೂತು, "ಕಸ್ತೂರಿ, ಅದನ್ನ ತಂದು ಇದರಾಗ ಹಾಕು" ಎಂದರೆ ಅವಳು ಹುಣಸೆ ರಸ ತಂದು ಬೇಳೆಗೆ ಹಾಕುತ್ತಾಳೆ. ಅದು ಯಾವುದು, ಇದು ಯಾವುದು ಎಂದು ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ಕೇಳಿಲ್ಲ. ಕಂಪ್ಯೂಟರಿಗೆ ಅಂಥ ಸೊಸೆತನ ಇಲ್ಲ. ಒಂದು ಚಿಕ್ಕ ಗುರುತು ಬಿಟ್ಟರೂ ಕೆಂಪು ಅಕ್ಷರದಲ್ಲಿ ಬೈಯಲು ನಿಲ್ಲುತ್ತದೆ. ಆ ಕೆಂಪು ಕಂಡ ಕೂಡಲೇ ಸವಿತಾಳ ಮುಖ ಬಾಡುತ್ತಿತ್ತು.

"ಬೈದ್ರ ಬೈಲಿ ಬಿಡು," ಎಂದೆ ಒಂದು ದಿನ, "ಎಷ್ಟನೇ ಸಾಲಿನಾಗ ತಪ್ಪೈತಿ ಅಂತ ಹೇಳಿ ಬೈತೈತಲ್ಲ. ನಿಮ್ಮಜ್ಜ ಬೈತಿದ್ದಾ, ಯಾತಕ್ಕ ಬೈದಾ ಅಂತ ತಿಳೀಬೇಕಂದ್ರ ನನಗ ಮೂರ ದಿನ ಹಿಡೀತಿತ್ತು."

ಅವಳು ನಕ್ಕ ನಗೆಗೆ ಹೊರಗೆ ಅಡ್ಡಾಡುತ್ತಿದ್ದ ಕೋಳಿಗಳು ಬೆದರಿ ಓಡಿದವು. ಅಂದಿನಿಂದ ಕೆಂಪು ಅಕ್ಷರ ಬಂದಾಗಲೆಲ್ಲ "ಅಜ್ಜ ಬಂದಾ" ಎನ್ನತೊಡಗಿದಳು. ತೀರಿಹೋದ ಹದಿನೈದು ವರ್ಷಗಳ ಮೇಲೆ ನನ್ನ ಗಂಡ ಹೀಗೆ ದಿನಕ್ಕೆ ಹತ್ತು ಸಲ ಮನೆಗೆ ಬಂದು ಹೋಗುವಂತಾದ.

ಈ ನಡುವೆ ಕೌದಿ ಬೆಳೆಯುತ್ತಿತ್ತು, ಎಂದರೆ ಮುಗಿಯುತ್ತ ಬರುತ್ತಿತ್ತು. ನಿಮ್ಮ ಮುಂದೆ ಒಂದು ಕಳ್ಳತನ ಒಪ್ಪಿಕೊಳ್ಳುತ್ತೇನೆ. ಪುಸ್ತಕ ಇನ್ನೂ ಬಹಳ ಉಳಿದಿದೆ, ಬಟ್ಟೆ ಕಡಿಮೆ ಉಳಿದಿದೆ ಎಂದು ಕಂಡಾಗ ನನ್ನ ಸಾಲುಗಳನ್ನು ಒತ್ತೊತ್ತಾಗಿ ಹಾಕತೊಡಗಿದೆ. ಒಂದು ಬೆರಳು ಬಿಡುತ್ತಿದ್ದಲ್ಲಿ ಅರ್ಧ ಬೆರಳು, ಉದ್ದ ಹೊಲಿಗೆಯ ಜಾಗದಲ್ಲಿ ಅಕ್ಕಿಕಾಳಿನಷ್ಟು ಹೊಲಿಗೆ. ಗೌರಕ್ಕ ಒಂದು ದಿನ ತಾನೇ ನೋಡಲು ಬಂದಳು.

"ಏನ್ ಬೇ ಆಯೀ, ಕೂಸು ಸಾಲಿಗೆ ಹೋಗೂ ಹೊತ್ತಿಗೆ ಕೊಡ್ತೀಯೇನ ಕೌದಿ?" ಎಂದು ಬಾಗಿಲಲ್ಲೇ ಶುರುಮಾಡಿದವಳು, ಬಗ್ಗಿ ಹೊಲಿಗೆ ನೋಡಿ ದನಿ ಇಳಿಸಿದಳು. "ಅಯ್ಯ ಶಿವನ, ಎಷ್ಟ ಸಣ್ಣ ಹಾಕಿ! ನಮ್ಮ ಕೂಸಿಗಂತ ಇಷ್ಟ ಪ್ರೀತಿಯಿಂದ ಮಾಡಾಕತ್ತಿಯಲ್ಲ, ನಿಧಾನ ಮಾಡು, ನಿಧಾನ ಮಾಡು. ತೊಟ್ಟಿಲಿನ ಹಿಂದಿನ ದಿನ ಮುಟ್ಟಿದ್ರ ಸಾಕು."

ನನ್ನ ಕಳ್ಳತನ ಅವಳ ಕಣ್ಣಿಗೆ ಪ್ರೀತಿಯಾಗಿ ಕಂಡಿತು. ಪೂರ್ತಿ ಸುಳ್ಳೂ ಅಲ್ಲ ಬಿಡಿ; ಪ್ರೀತಿ ಇತ್ತು, ಬೇರೆ ಕೂಸಿನ ಮೇಲೆ ಇತ್ತು.

ಕೊನೆಗೂ ತೊಟ್ಟಿಲಿನ ಹಿಂದಿನ ದಿನ ಬಂದೇ ಬಂತು. ನಡುವೆ ಅಂಗೈಯಷ್ಟು ಜಾಗ ಉಳಿದಿತ್ತು. ಅಂದು ಸವಿತಾ ಊಟವಾದ ಕೂಡಲೇ ಲ್ಯಾಪ್‌ಟಾಪ್ ತೆರೆದು, "ಇವತ್ತ ಪುಸ್ತಕ ಬ್ಯಾಡ ಆಯೀ. ಪುಸ್ತಕದಾಗಿನ ಆಮಿ ಕಡೆಯಿಂದ ನಿನ್ನ ಕೌದಿ ಹೊಲಸ್ತೇನಿ. ನೀ ಹೆಂಗ ಹೊಲೀತಿ ಹೇಳು, ನಾ ಹಂಗ ಬರೀತೇನಿ" ಎಂದಳು. ಆ ಪುಸ್ತಕದಲ್ಲಿ ಒಂದು ಆಮೆಯ ಆಟವಿದೆ. ಇಷ್ಟು ಮುಂದೆ ಹೋಗು, ಇಷ್ಟು ತಿರುಗು ಎಂದು ಬರೆದರೆ ಪರದೆಯ ಮೇಲಿನ ಆಮೆ ಗೆರೆ ಎಳೆಯುತ್ತ ಹೋಗುತ್ತದೆ.

"ಮೊದಲ ಅಂಚ ಹಿಡದು ಸೀದಾ ಹೋಗೂದು," ಎಂದೆ.

"ಎಲ್ಲಿಮಟ?"

"ಮೂಲಿ ಬರೂಮಟ."

"ಮೂಲಿ ಅಂದ್ರ ಆಮಿಗೆ ತಿಳೀದಿಲ್ಲ. ನಾಕ ನೂರ ಅಂತ ಹಾಕ್ತೇನಿ. ಆಮ್ಯಾಲ ಬಲಕ್ಕ ಹೊಳ್ಳೂದು?"

"ಬಲಕ್ಕ ಯಾಕ? ಎಡಕ್ಕ."

"ಪುಸ್ತಕದಾಗ ಬಲಕ್ಕ ಅಂತ ಐತಿ."

"ಪುಸ್ತಕ ಬರದಾವ ಕೌದಿ ಹೊಲದಾನೇನ? ಎಡಕ್ಕ ಅಂದ್ರ ಎಡಕ್ಕ. ಒಂದೊಂದ ಸಲ ಹೊಳ್ಳಿದಾಗೂ ಉದ್ದ ಒಂಚೂರ ಕಡಿಮಿ ಮಾಡ್ಕೋತ ಹೋಗು, ತಾನ ಒಳಗ ಬರ್ತೈತಿ."

"ಆಮ್ಯಾಲ?"

"ಆಮ್ಯಾಲ ಏನೈತಿ? ಹಂಗ ಮಾಡ್ಕೋತ ಹೋಗೂದು."

ಬರೆದಳು. ಓಡಿಸಿದಳು. ಆ ಪುಟ್ಟ ಆಮೆ ಅಂಚು ಹಿಡಿದು ಹೊರಟಿತು, ಮೂಲೆಯಲ್ಲಿ ಎಡಕ್ಕೆ ತಿರುಗಿತು, ಮತ್ತೆ ತಿರುಗಿತು. ನೋಡನೋಡುತ್ತ ನನ್ನ ಕೌದಿಯ ಸಾಲುಗಳು ಒಂದರೊಳಗೊಂದು ಪರದೆಯ ಮೇಲೆ ಮೂಡಿದವು. ಐವತ್ತು ವರ್ಷ ನನ್ನ ಕೈ ನಡೆದ ದಾರಿಯನ್ನು ನಾನು ದೂರದಿಂದ ಕಂಡದ್ದು ಅದೇ ಮೊದಲು. ಕಣ್ಣು ತುಂಬಿಕೊಂಡೇ, "ಭಲೇ" ಎಂದೆ. ಅಷ್ಟರಲ್ಲಿ ಆಮೆ ನಡುವಿಗೆ ಬಂತು, ಬಂದು ನಿಲ್ಲಲಿಲ್ಲ. ಗಿರ್ರನೆ ತಿರುಗಿ, ಹಿಂದು ಹಿಂದಕ್ಕೆ ನಡೆಯುತ್ತ, ಹೊಲಿದ ಸಾಲುಗಳನ್ನೆಲ್ಲ ತುಳಿಯುತ್ತ ಹೊರಗೆ ಹೊರಟಿತು. ಅಂಚು ದಾಟಿತು. ಪರದೆಯನ್ನೇ ದಾಟಿ ಹೋಯಿತು.

"ಏ, ನಿಂದರ! ಎಲ್ಲಿ ಹೊಂಟಿ, ನಿಂದರ ಬೇ!" ಎಂದು ನಾನು ಕೂಗಿದ್ದು ರಸ್ತೆಗೆ ಕೇಳಿಸಿರಬೇಕು.

ಸವಿತಾ ನಗಲಿಲ್ಲ. ಲ್ಯಾಪ್‌ಟಾಪಿನ ಮುಚ್ಚಳ ಮೆಲ್ಲಗೆ ಮುಚ್ಚಿದಳು.

"ನೋಡಿದಿಲ್ಲ ಆಯೀ? ನನ್ನ ಕೈಯಾಗ ಏನೂ ಆಗಂಗಿಲ್ಲ. ಕೌದೀನೂ ಮುಗೀತು. ಅರ್ಜಿ ಕೊಡು."

ಕೊಟ್ಟ ಮಾತು. ಸಂಚಿ ಬಿಚ್ಚಿ ಕಾಗದ ತೆಗೆದೆ. ಆದರೆ ಕೌದಿಯ ಕೊನೆಯ ಕೆಲಸವೊಂದು ಬಾಕಿ ಇತ್ತು. ಅದಿಲ್ಲದೆ ಕೌದಿ ಮುಗಿಯಿತೆಂದು ನಾವು ಹೇಳುವುದಿಲ್ಲ. "ಒಂದ ರೊಟ್ಟಿ ಚೂರು, ಒಂಚೂರ ಬೆಲ್ಲ ತಂದು ಕೊಡು, ಹೊಟ್ಟಿ ತುಂಬಸ್ತೇನಿ" ಎಂದೆ. ನಮ್ಮಲ್ಲಿ ಕೌದಿಯ ನಡುವಿನಲ್ಲಿ ಸ್ವಲ್ಪ ಜಾಗ ಹೊಲಿಯದೆ ಬಿಟ್ಟು, ಅಲ್ಲಿ ಒಂದು ತುತ್ತು ಇಟ್ಟು, ಮೇಲೊಂದು ಹೊಸ ಬಟ್ಟೆಯ ತುಂಡು ಹಾಕಿ ಮುಚ್ಚುತ್ತೇವೆ. ಹೊದ್ದುಕೊಂಡವರನ್ನು ಬೆಚ್ಚಗಿಡುವ ಕೌದಿ ತಾನೇ ಹಸಿದಿರಬಾರದು ಎಂದು ನನ್ನ ಅವ್ವ ಹೇಳಿಕೊಟ್ಟ ಪದ್ಧತಿ.

ಸವಿತಾ ರೊಟ್ಟಿ ಬೆಲ್ಲ ತಂದು ಕೊಟ್ಟು ಪಕ್ಕದಲ್ಲಿ ಕೂತಳು. ಸುಮ್ಮನೆ ನೋಡುತ್ತಿದ್ದವಳು ಏನೋ ಕೇಳಬೇಕೆಂದು ಕೇಳಿದಳು.

"ಇಲ್ಲಿಗೇ ನಿಂದ್ರಸಬೇಕಂತ ನಿನಗ ಹೆಂಗ ತಿಳೀತೈತಿ?"

"ಅದರಾಗ ಏನೈತಿ? ನಾಕ ಬೆರಳು ಉಳೀತಂದ್ರ ನಿಂತ ಬಿಡೂದು."

ಅವಳು ನನ್ನನ್ನೇ ನೋಡಿದಳು.

"ಆಯೀ! ಇದನ್ನ ನನಗ ಹೇಳಲೇ ಇಲ್ಲಲ್ಲ ನೀ!"

ಹೌದಲ್ಲ! ಹೇಳಿರಲಿಲ್ಲ. ಹಂಗ ಮಾಡ್ಕೋತ ಹೋಗೂದು ಎಂದಿದ್ದೆ, ಎಲ್ಲಿಯವರೆಗೆ ಎಂದು ಹೇಳಿರಲಿಲ್ಲ. ಹೇಳಬೇಕೆಂದು ತೋಚಿಯೂ ಇರಲಿಲ್ಲ. ಉದ್ದ ಕಡಿಮೆಯಾಗುತ್ತಾ ಆಗುತ್ತಾ ಸೊನ್ನೆಗೆ ಇಳಿದು, ಅದಕ್ಕಿಂತಲೂ ಕೆಳಗೆ ಹೋದಾಗ ಆ ಪಾಪದ ಆಮೆ ಹಿಮ್ಮುಖವಾಗಿ ನಡೆಯತೊಡಗಿತ್ತಂತೆ. ತಪ್ಪು ಆಮೆಯದೂ ಅಲ್ಲ, ಹುಡುಗಿಯದೂ ಅಲ್ಲ. ಸವಿತಾ ನನ್ನ ಕೈಯಲ್ಲಿದ್ದ ಅರ್ಜಿಯನ್ನು ಕಸಿದುಕೊಂಡಳು. ಹರಿದು ಹಾಕುತ್ತಾಳೇನೋ ಎಂದುಕೊಂಡೆ. ಇಲ್ಲ, ಅದನ್ನು ಮಗುಚಿ, ಹಿಂದಿನ ಖಾಲಿ ಬದಿಯ ಮೇಲೆ ಪೆನ್ಸಿಲ್ಲಿನಿಂದ ಸರಸರ ಬರೆದಳು: ಉದ್ದ ನಾಲ್ಕು ಬೆರಳಿಗಿಂತ ಹೆಚ್ಚಿರುವ ತನಕ ಹೊಲಿ. ಅದನ್ನೇ ಕಂಪ್ಯೂಟರಿನ ಮಾತಿನಲ್ಲಿ ಬರೆದು ಮತ್ತೆ ಓಡಿಸಿದಳು. ಆಮೆ ಅಂಚು ಹಿಡಿದು ಹೊರಟಿತು, ತಿರುಗಿತು, ಒಳಗೊಳಗೆ ಬಂತು. ನಡುವೆ ಒಂದು ಪುಟ್ಟ ಚೌಕ ಖಾಲಿ ಬಿಟ್ಟು ಅಲ್ಲೇ ನಿಂತಿತು.

ನಿಂತದ್ದನ್ನು ನೋಡಿ ಇಷ್ಟು ಸಂತೋಷಪಟ್ಟವರು ಲೋಕದಲ್ಲಿ ಇದ್ದಾರೋ ಇಲ್ಲವೋ. ಅಜ್ಜಿ ಮೊಮ್ಮಗಳು ಒಬ್ಬರನ್ನೊಬ್ಬರು ತಬ್ಬಿಕೊಂಡು, ಬೆಲ್ಲದ ಕೈಯಲ್ಲೇ ಕೆನ್ನೆ ಸವರಿ, ಗೌರಕ್ಕನ ಕೌದಿಯ ಮೇಲೆ ಉರುಳಿಬಿಟ್ಟೆವು.

ಅಂದಿನಿಂದ ನಾನು ಇದನ್ನೇ ಯೋಚಿಸುತ್ತೇನೆ. ನಮಗೆ ಚೆನ್ನಾಗಿ ಬರುವುದನ್ನು ನಾವು ಬೇರೆಯವರಿಗೆ ಎಷ್ಟು ಕಡಿಮೆ ಹೇಳುತ್ತೇವೆ! ಬಾಯಿಗೆ ಗೊತ್ತಿದ್ದದ್ದನ್ನು ಹೇಳುತ್ತೇವೆ, ಕೈಗೆ ಗೊತ್ತಿದ್ದದ್ದು ಕೈಯಲ್ಲೇ ಉಳಿದುಬಿಡುತ್ತದೆ. ಕಸ್ತೂರಿ ಮದುವೆಯಾಗಿ ಬಂದ ಹೊಸದರಲ್ಲಿ ಅವಳ ರೊಟ್ಟಿ ಒಡೆಯುತ್ತಿದ್ದವು. ಹಿಟ್ಟು ನಾದಿ ಬಡಿ ಎಂದಷ್ಟೇ ಹೇಳಿ, ಎಷ್ಟು ಬಿಸಿ ನೀರು, ಎಲ್ಲಿಯವರೆಗೆ ನಾದಬೇಕು ಎಂದು ಹೇಳದೆ, ಒಡೆದ ರೊಟ್ಟಿ ನೋಡಿ ಮುಖ ಗಂಟು ಹಾಕಿಕೊಂಡು ಕೂತವಳು ನಾನು. ಅವಳ ಕೈ ತಾನೇ ಕಲಿಯಿತು, ಆದರೆ ಎಷ್ಟು ದಿನ ಆ ಹುಡುಗಿ ಒಲೆಯ ಮುಂದೆ ಅಳುತ್ತ ಕೂತಿದ್ದಳೋ. ಅರ್ಧ ಮಾತು ತಿಳಿದುಕೊಳ್ಳುವ ಸೊಸೆತನ ಎಂದು ಆಗಲೇ ಹೊಗಳಿದೆನಲ್ಲ, ಆ ಸೊಸೆತನ ಹೇಗೆ ಬಂದಿತ್ತೆಂದು ಈ ವಯಸ್ಸಿನಲ್ಲಿ ನನಗೊಂದು ಆಮೆ ತಿಳಿಸಬೇಕಾಯಿತು. ಪೂರ್ತಿ ಹೇಳದಿದ್ದರೆ ಮುಂದಕ್ಕೆ ಒಂದು ಹೆಜ್ಜೆ ಇಡುವುದಿಲ್ಲ ಎಂದು ಹಟ ಹಿಡಿಯುವ ಯಂತ್ರದ ಮೇಲೆ ನನಗೆ ಗೌರವ ಬಂದದ್ದು ಆಗಲೇ.

ಕೌದಿ ಗೌರಕ್ಕನ ಮನೆಯ ತೊಟ್ಟಿಲಿಗೆ ಹೋಯಿತು. ಸವಿತಾ ಕಾಲೇಜಿಗೆ ಹೋದಳು. ಪುಸ್ತಕವನ್ನು ಈ ಸಲ ಕೈಯಲ್ಲಿ ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡೇ ಹೋದಳು. ಮರುಪರೀಕ್ಷೆಯ ದಿನ ಬಾಯಿಮಾತಿನ ಪ್ರಶ್ನೆ ಕೇಳುವಾಗ, ಹೊರಗಿನಿಂದ ಬಂದ ಮೇಷ್ಟ್ರು ಅವಳು ಬರೆದದ್ದರಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟು, ಇದನ್ನು ಬರೆಯದಿದ್ದರೆ ಏನಾಗುತ್ತದೆ ಎಂದು ಕೇಳಿದರಂತೆ. ಎಲ್ಲಿ ನಿಲ್ಲಬೇಕೆಂದು ಹೇಳುವ ಸಾಲು ಅದು! ಇವಳಿಗೆ ನನ್ನ "ನಿಂದರ ಬೇ" ನೆನಪಾಗಿ ಪರೀಕ್ಷೆಯ ಕೋಣೆಯಲ್ಲೇ ನಗು ಬಂದುಬಿಟ್ಟಿತಂತೆ. ಯಾಕೆ ನಗುತ್ತೀ ಎಂದಾಗ ಕೌದಿಯ ಕಥೆಯನ್ನೆಲ್ಲ ಹೇಳಿದಳಂತೆ, ಮೊದಲು ಕನ್ನಡದಲ್ಲಿ, ಆಮೇಲೆ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ. ಮೇಷ್ಟ್ರು ಕೇಳಿ, "ನಿಮ್ಮ ಅಜ್ಜಿಗೆ ನಮಸ್ಕಾರ ಹೇಳು" ಎಂದರಂತೆ. ಹೇಳಿದಳು. ನಾನು ಸೂಜಿ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಸ್ವೀಕರಿಸಿದೆ.

ಇನ್ನು ಈ ಸಂಜೆಯದೊಂದೇ ಬಾಕಿ. ತಿಕೋಟಾದ ಬಸ್ಸು ಇಳಿದು ಶಿವು ಕಸ್ತೂರಿ ಬರುವಷ್ಟರಲ್ಲಿ ಸವಿತಾ ತಾನೇ ಸಜ್ಜಕ ಮಾಡಿಟ್ಟಿದ್ದಳು. ಬೆಲ್ಲ ತುಸು ಹೆಚ್ಚೇ ಬಿದ್ದಿತ್ತು. ಶಿವುಗೆ ಫೋನಿನಲ್ಲೇ ಸುದ್ದಿ ಮುಟ್ಟಿತ್ತು. ಬಂದವನು ಮಗಳ ತಲೆಯ ಮೇಲೆ ಕೈಯಿಟ್ಟು, "ಹಸಿವಾಗೈತಿ, ಲಗೂನ ಬಡಸ್ರಿ" ಎಂದ. ಕಸ್ತೂರಿ ಎಂದಿನಂತೆ ಕೈಕಾಲು ತೊಳೆದು ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು. ನಮ್ಮ ಮನೆಯಲ್ಲಿ ಅವಳು ಉಣ್ಣುವುದು ಎಲ್ಲರದೂ ಆದ ಮೇಲೆಯೇ. ಇವತ್ತು ಸವಿತಾ ಬಿಡಲಿಲ್ಲ. ರೊಟ್ಟಿಯ ಬುಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು, ಸಜ್ಜಕ ಎಲ್ಲವನ್ನೂ ತಂದು ಪಡಸಾಲೆಯ ನಡುವೆ ಇಟ್ಟು, ಅವ್ವನ ರಟ್ಟೆ ಹಿಡಿದು ಎಳೆದು ತಂದು ಕೂಡಿಸಿದಳು.

"ಎಲ್ಲಾರೂ ಒಮ್ಮೆ ಉಣ್ಣೂನು. ಬೇಕಾದ್ದು ಬೇಕಾದವ್ರು ಹಾಕ್ಕೊಳ್ರಿ."

ಕಸ್ತೂರಿ ಸಂಕೋಚದಿಂದ ತಟ್ಟೆ ಮುಂದಕ್ಕೆಳೆದುಕೊಂಡಳು. ಒಂದು ರೊಟ್ಟಿ ಮುರಿದಳು. ಬಾಯಿಗೆ ಇಡಲಿಲ್ಲ.

"ಇವತ್ತ ಶೆಡ್ಡಿನ ಮುಕಾದಮಗ ಹೇಳಿ ಬಂದೆ," ಎಂದಳು, ತಟ್ಟೆಯನ್ನೇ ನೋಡುತ್ತ.

"ಏನಂತ?" ಎಂದ ಶಿವು.

"ಸವಿತಾ ಅರ್ಜಿ ಬರದ ಮರುದಿನ ಅವನ ಹಂತೇಲಿ ಹೋಗಿದ್ದೆ. ನನ್ನ ಮಗ್ಗಲಾಗ ಮಗಳಿಗೆ ಒಂದ ಜಾಗಾ ಹಿಡದಿಡು, ಬ್ಯಾರೆ ಕಡೆ ಕೂಡ್ರಸಬ್ಯಾಡ ಅಂತ ಕೇಳಿದ್ದೆ. ಹಿಡದಿಟ್ಟಿದ್ದಾ, ಇಷ್ಟ ದಿನ. ಇವತ್ತ ಹೇಳಿದೆ, ಆ ಜಾಗಾ ಬ್ಯಾರೆದಾರಿಗೆ ಕೊಡು. ನನ್ನ ಮಗಳು ಬರಂಗಿಲ್ಲ."

ನಮಗೆ ಯಾರಿಗೂ ಇದು ಗೊತ್ತಿರಲಿಲ್ಲ. ದಿನಾ ಆ ಖಾಲಿ ಜಾಗದ ಪಕ್ಕದಲ್ಲಿ ಕೂತು ಮಣೂಕ ಆರಿಸಿ ಬಂದವಳು ಮನೆಯಲ್ಲಿ ಒಂದು ಮಾತು ಆಡಿರಲಿಲ್ಲ. ಶಿವು ತುತ್ತು ಕೈಯಲ್ಲಿ ಹಿಡಿದುಕೊಂಡೇ ಹೆಂಡತಿಯ ಮುಖ ನೋಡಿದ. ಸವಿತಾ ಅವ್ವನ ಭುಜಕ್ಕೆ ಹಣೆಯಿಟ್ಟಳು. ನನ್ನ ಕಣ್ಣಿಗೆ ದೀಪ, ತಟ್ಟೆ, ಮಂದಿ ಎಲ್ಲ ಒಂದೇ ಆಗಿ ಕಂಡವು.

"ಏನ್ ನೋಡ್ತೀರಿ ನನ್ನ ಮಾರಿ?" ಎಂದಳು ಕಸ್ತೂರಿ, ಕಣ್ಣೊರೆಸಿಕೊಂಡು, ಮಗಳ ತಟ್ಟೆಗೆ ಒಂದು ರೊಟ್ಟಿ ಹಾಕುತ್ತ. "ರೊಟ್ಟಿ ಆರಾಕತ್ತಾವ. ಉಣ್ರಿ."

ಉಂಡೆವು. ನಾಲ್ಕೂ ಮಂದಿ, ಒಮ್ಮೆಗೇ, ಒಂದೇ ಬುಟ್ಟಿಗೆ ಕೈ ಹಾಕಿ, ಬುಟ್ಟಿಯ ತಳ ಕಾಣುವ ತನಕ.